ಹಾರದೇ ಉಳಿದ ನಾತ್ಸಿ ವಿಮಾನಕ್ಕೂ ಕಿಟ್ ಇದೆ, ಬೆಂಗಳೂರಿನ ಪುಷ್ಪಕ್ ಎಲ್ಲಿ?

ಸೆಸ್ನಾ 172 ಅನ್ನೋ ಹೆಸರು ಕೇಳಿರದವರೂ ಆ ವಿಮಾನವನ್ನು ಎಲ್ಲೋ ನೋಡಿರ್ತಾರೆ. ತಲೆಯ ಮೇಲೆ ಉದ್ದನೆಯ ರೆಕ್ಕೆ, ರೆಕ್ಕೆಗೆ ಆಸರೆಯಾಗಿ ಎರಡೂ ಕಡೆ ಓರೆ ಕಂಬಿ, ಮೂತಿಯಲ್ಲಿ ಒಂದೇ ಪ್ರೊಪೆಲ್ಲರ್, ಒಳಗೆ ಕಾರಿನ ಹಾಗೆ ನಾಲ್ಕು ಸೀಟು. ಪೈಲಟ್ ತರಬೇತಿ ಶಾಲೆಗಳ ಮೇಲೆ ಗುಂಯ್ ಅಂತ ಸುತ್ತು ಹೊಡೆಯೋದು ಬಹುಪಾಲು ಇದೇ, ಇಲ್ಲವೇ ಇದರ ಬಂಧುಬಳಗ. 1955ರಲ್ಲಿ ಮೊದಲು ಹಾರಿದ ಈ ವಿಮಾನ ಈವರೆಗೆ 44 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ವಿಮಾನಗಳ ಇತಿಹಾಸದಲ್ಲಿ ಬೇರೆ ಯಾವ ಮಾದರಿಯೂ ಈ ಸಂಖ್ಯೆ ಮುಟ್ಟಿಲ್ಲ. ಬ್ರಿಟನ್ನಿನ ಪ್ರಸಿದ್ಧ ಸ್ಪಿಟ್‌ಫೈರ್ ಯುದ್ಧವಿಮಾನ ತಯಾರಾಗಿದ್ದು ಇದರ ಅರ್ಧಕ್ಕಿಂತ ಕಡಿಮೆ, ಸುಮಾರು 20 ಸಾವಿರ.

ಈಗ ಸ್ಕೇಲ್ ಮಾಡೆಲ್ ಕಿಟ್ ಮಾರುವ ಯಾವುದಾದರೂ ಆನ್‌ಲೈನ್ ಅಂಗಡಿ ತೆರೆದು ನೋಡಿ. ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ಬಿಡಿಭಾಗ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ, ಕೊನೆಗೆ ನೀರಲ್ಲಿ ನೆನೆಸಿದ ಸ್ಟಿಕ್ಕರ್ ಕೂರಿಸುವ ಆ ಕಿಟ್‌ಗಳು. ಸ್ಪಿಟ್‌ಫೈರ್ ಅಂತ ಟೈಪ್ ಮಾಡಿದರೆ ಪುಟಗಟ್ಟಲೆ ಬರುತ್ತೆ. ಎಲ್ಲ ಗಾತ್ರದಲ್ಲೂ, ಎಲ್ಲ ವರ್ಷದ ಮಾದರಿಯಲ್ಲೂ, ಹತ್ತಾರು ಕಂಪನಿಗಳಿಂದ. ಸೆಸ್ನಾ 172 ಅಂತ ಹುಡುಕಿದರೆ ಬೆರಳೆಣಿಕೆ. ಅಮೆರಿಕದ ಮಿನಿಕ್ರಾಫ್ಟ್ ಕಂಪನಿ 1/48 ಅಳತೆಯಲ್ಲಿ 150 ಮತ್ತು 172 ಮಾದರಿಗಳನ್ನು ತಂದಿತ್ತು. ಅದು ಬಿಟ್ಟರೆ ಅಲ್ಲೊಂದು ಇಲ್ಲೊಂದು.

ಇನ್ನೊಂದು ಹೋಲಿಕೆ ಕೊಡ್ತೀನಿ, ಇದು ನನಗೆ ಇನ್ನೂ ಅರಗಿಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯ ಫೋಕೆ-ವುಲ್ಫ್ ಕಂಪನಿ ಟ್ರೀಬ್‌ಫ್ಲೂಗೆಲ್ ಅನ್ನೋ ವಿಚಿತ್ರ ವಿಮಾನದ ನಕ್ಷೆ ಬರೆದಿತ್ತು. ಬಾಲದ ಮೇಲೆ ನಿಂತು ನೇರ ಮೇಲಕ್ಕೆ ಏರಬೇಕಿದ್ದ ವಿಮಾನ. ಅದು ಯಾವತ್ತೂ ತಯಾರಾಗಲೇ ಇಲ್ಲ, ಹಾರುವ ಮಾತು ದೂರ. ಆದರೂ ಅದರ ಪ್ಲಾಸ್ಟಿಕ್ ಕಿಟ್ ಒಂದಲ್ಲ, ಒಂದಕ್ಕಿಂತ ಹೆಚ್ಚು ಕಂಪನಿಗಳಿಂದ ಬಂದಿದೆ. ನಾತ್ಸಿಗಳು ಕಾಗದದ ಮೇಲೆ ಕಂಡ ಕನಸುಗಳಿಗೆಂದೇ ಈ ಹವ್ಯಾಸದಲ್ಲಿ 'ಲುಫ್ಟ್ 46' ಅಂತ ಒಂದು ಪ್ರತ್ಯೇಕ ವಿಭಾಗವೇ ಇದೆ. ಅಂದರೆ ಯುದ್ಧ 1946ಕ್ಕೂ ಮುಂದುವರಿದಿದ್ದರೆ ಏನೇನು ಹಾರುತ್ತಿತ್ತು ಅನ್ನೋ ಊಹೆ. ಹುಟ್ಟದ ವಿಮಾನಕ್ಕೆ ಅಚ್ಚು ಮಾಡೋಕೆ ದುಡ್ಡಿದೆ, 44 ಸಾವಿರ ಹುಟ್ಟಿದ ವಿಮಾನಕ್ಕೆ ಇಲ್ಲ.

"ಜನ ಕೇಳಲ್ಲ, ಕಂಪನಿ ಮಾಡಲ್ಲ, ಅಷ್ಟೇ" ಅನ್ನೋದು ಸುಲಭದ ಉತ್ತರ. ಅರ್ಧ ನಿಜ. ಆದರೆ ಜನ ಯಾಕೆ ಕೇಳಲ್ಲ ಅನ್ನೋದಕ್ಕೂ ಒಂದು ಇತಿಹಾಸ ಇದೆ.

ಅಳತೆಯೇ ಯುದ್ಧದ್ದು

ವಿಮಾನ ಮಾದರಿಗಳಲ್ಲಿ ಅತಿ ಜನಪ್ರಿಯ ಅಳತೆ 1/72. ಮೂಲದ 6 ಅಡಿ ಇಲ್ಲಿ 1 ಇಂಚು, ಅಂದರೆ ಆರಡಿ ಆಳು ಒಂದು ಇಂಚಿನ ಗೊಂಬೆ. 1930ರ ದಶಕದ ಬ್ರಿಟನ್ನಿನಲ್ಲಿ ಆಟಿಕೆಯಾಗಿ ಶುರುವಾದ ಈ ಅಳತೆಯನ್ನು ಜಗತ್ತಿಗೆ ಹಬ್ಬಿಸಿದ್ದು ಸೇನೆ. ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಅಂತ ಕ್ಷಣದಲ್ಲಿ ಗುರುತಿಸೋಕೆ ಸೈನಿಕರಿಗೆ ತರಬೇತಿ ಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಹೈಸ್ಕೂಲ್ ವಿದ್ಯಾರ್ಥಿಗಳ ಕೈಯಲ್ಲಿ 5 ಲಕ್ಷ ಮರದ ಮಾದರಿಗಳನ್ನು ಮಾಡಿಸುವ ಕಾರ್ಯಕ್ರಮ ಹಾಕಿಕೊಂಡಿತು. ಕಾರ್ಪೆಂಟ್ರಿ ಕ್ಲಾಸಿನಲ್ಲಿ ಮಕ್ಕಳು ಕೆತ್ತಿದ್ದು ಮೆಸ್ಸರ್‌ಶ್ಮಿಟ್, ಝೀರೋ ವಿಮಾನಗಳನ್ನು. ಗುರುತಿಸಬೇಕಿದ್ದದ್ದು ಕೊಲ್ಲಲು ಬರುವ ವಿಮಾನವನ್ನು. ರಜಾದಿನದಲ್ಲಿ ಹಾರುವ ಪೈಪರ್ ಕಬ್ ಅನ್ನು ಗುರುತಿಸಿ ಯಾರಿಗೇನು ಆಗಬೇಕಿತ್ತು?

ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಬಂತು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1953ರಲ್ಲಿ ತನ್ನ ಮೊದಲ ವಿಮಾನದ ಕಿಟ್ ತಂದಿತು. ಯಾವುದು ಅಂತ ಬೇರೆ ಹೇಳಬೇಕಿಲ್ಲ, ಸ್ಪಿಟ್‌ಫೈರ್. ವುಲ್‌ವರ್ತ್ಸ್ ಅಂಗಡಿಗಳಲ್ಲಿ ಮಕ್ಕಳ ಕೈಗೆಟಕುವ ಬೆಲೆಗೆ ಸಿಕ್ಕಿತು. ಅಪ್ಪ ಯುದ್ಧದಲ್ಲಿ ಕಂಡದ್ದನ್ನು ಮಗ ಊಟದ ಮೇಜಿನ ಮೇಲೆ ಜೋಡಿಸಿದ. ಆ ಮಗ ದೊಡ್ಡವನಾಗಿ, ದುಡಿದು, ನಿವೃತ್ತನಾಗಿ ಮತ್ತೆ ಅದೇ ಸ್ಪಿಟ್‌ಫೈರನ್ನು ಇನ್ನೂ ಚೆನ್ನಾಗಿ ಮಾಡೋಕೆ ದುಬಾರಿ ಕಿಟ್ ಕೊಳ್ತಾನೆ. ಈ ಉದ್ಯಮ ಇವತ್ತು ನಿಂತಿರೋದು ಬಹುಮಟ್ಟಿಗೆ ಇಂಥ ಗಿರಾಕಿಗಳ ಮೇಲೆ. ಬೇಡಿಕೆ ಅನ್ನೋದು ಗಾಳಿಯಲ್ಲಿ ಹುಟ್ಟಲ್ಲ. ಎಪ್ಪತ್ತು ವರ್ಷ ಏನನ್ನು ಕೊಟ್ಟಿರೋ ಅದನ್ನೇ ಜನ ಕೇಳ್ತಾರೆ.

ಯುದ್ಧವಿಮಾನದ ಕಿಟ್ ಮಾಡುವವರೆಲ್ಲ ಯುದ್ಧದಾಹಿಗಳು ಅಂತ ನಾನು ಹೇಳ್ತಿಲ್ಲ. ಸ್ಪಿಟ್‌ಫೈರ್ ಚಂದದ ವಿಮಾನ, ಅದರ ರೆಕ್ಕೆಯ ಬಾಗು ನೋಡಿದ ಯಾರಿಗೂ ಅದನ್ನು ಕೈಯಲ್ಲಿ ಹಿಡಿಯಬೇಕು ಅನ್ನಿಸುತ್ತೆ. ಜರ್ಮನಿಯಲ್ಲಿ ಮಾರುವ ಕಿಟ್‌ಗಳಲ್ಲಿ ಸ್ವಸ್ತಿಕ ಇರಲ್ಲ, ಅಥವಾ ಅದನ್ನು ತುಂಡು ತುಂಡಾಗಿ ಮುದ್ರಿಸಿರ್ತಾರೆ. ಕಾನೂನಿನ ಕಣ್ಣು ಬಾಲದ ಮೇಲಿನ ಚಿಹ್ನೆ ನೋಡುತ್ತೆ, ಪೆಟ್ಟಿಗೆಯೊಳಗೆ ಯಾವ ವಿಮಾನ ಇದೆ ಅನ್ನೋದು ಅದರ ತಲೆನೋವಲ್ಲ.

ಅಚ್ಚಿನ ಲೆಕ್ಕ

ಇನ್ನು ದುಡ್ಡಿನ ವಿಷಯ. ಪ್ಲಾಸ್ಟಿಕ್ ಕಿಟ್‌ನಲ್ಲಿ ಪ್ಲಾಸ್ಟಿಕ್‌ಗೆ ಖರ್ಚು ತೀರಾ ಕಡಿಮೆ. ಖರ್ಚು ಇರೋದು ಉಕ್ಕಿನ ಅಚ್ಚಿಗೆ. ಪ್ರತಿ ಗೆರೆ, ಪ್ರತಿ ರಿವೆಟ್ ಲೋಹದಲ್ಲಿ ಕೊರೆಯಬೇಕು. ಒಂದು ಹೊಸ ಅಚ್ಚಿಗೆ ಹತ್ತಾರು ಲಕ್ಷ ರೂಪಾಯಿ ಸುಲಭವಾಗಿ ದಾಟುತ್ತೆ. ಆ ದುಡ್ಡು ವಾಪಸ್ ಬರಬೇಕಾದರೆ ಅದೇ ಅಚ್ಚಿನಿಂದ ವರ್ಷಾನುಗಟ್ಟಲೆ ಸಾವಿರಾರು ಪೆಟ್ಟಿಗೆ ಮಾರಬೇಕು.

ಯುದ್ಧವಿಮಾನದಲ್ಲಿ ಇದು ಸಲೀಸು. ಅಚ್ಚು ಅದೇ, ಸ್ಟಿಕ್ಕರ್ ಹಾಳೆ ಮಾತ್ರ ಬೇರೆ. ಈ ವರ್ಷ ಬ್ರಿಟನ್ ಕದನದ ಸ್ಕ್ವಾಡ್ರನ್, ಮುಂದಿನ ವರ್ಷ ಉತ್ತರ ಆಫ್ರಿಕಾದ ಮರಳು ಬಣ್ಣ, ಆಮೇಲೆ ಪೋಲೆಂಡಿನ ಪೈಲಟ್‌ಗಳದ್ದು. ಗಿರಾಕಿ ಒಂದೇ ವಿಮಾನವನ್ನು ಐದು ಸಲ ಕೊಳ್ತಾನೆ. ಸೆಸ್ನಾಗೆ ಸ್ಕ್ವಾಡ್ರನ್ ಇಲ್ಲ. ಒಂದು ಯಾವುದೋ ಕೃಷಿಕನದ್ದು, ಇನ್ನೊಂದು ಡಾಕ್ಟರದ್ದು, ಮತ್ತೊಂದು ಫ್ಲೈಯಿಂಗ್ ಕ್ಲಬ್ಬಿನದು. ಒಂದೊಂದಕ್ಕೂ ಒಂದೊಂದು ಬಣ್ಣದ ಪಟ್ಟಿ. ಸಾಲದ್ದಕ್ಕೆ ವಿಮಾನದ ಆಕಾರವೂ ಬದಲಾಗ್ತಾ ಹೋಗಿದೆ: ಮೊದಲು ನೇರ ನಿಂತಿದ್ದ ಬಾಲ 1960ರ ಮಾದರಿಯಲ್ಲಿ ಹಿಂದಕ್ಕೆ ವಾಲಿತು, ಆಮೇಲೆ ಹಿಂಬದಿಗೆ ಕಿಟಕಿ ಬಂತು. ಒಂದು ಅಚ್ಚಿನಲ್ಲಿ ಎಲ್ಲವನ್ನೂ ಹಿಡಿಯೋಕಾಗಲ್ಲ.

ಮಾಡುವವರಿಗೂ ಇದು ಕಷ್ಟದ ಕೆಲಸ. ಯುದ್ಧವಿಮಾನದ ಮಾಸಲು ಹಸಿರು ಬಣ್ಣ ಸಣ್ಣಪುಟ್ಟ ತಪ್ಪು ಮುಚ್ಚಿಕೊಳ್ಳುತ್ತೆ, ಮಸಿ ಬಳಿದರೆ 'ಯುದ್ಧದಲ್ಲಿ ಸವೆದದ್ದು' ಆಗುತ್ತೆ. ಹೊಳೆಯುವ ಬಿಳಿ ಬಣ್ಣದ ಸೆಸ್ನಾದಲ್ಲಿ ಒಂದು ಕೂದಲು ಅಂಟಿಕೊಂಡರೂ ಕಾಣುತ್ತೆ. ಸುತ್ತಲೂ ಗಾಜು, ಹಾಗಾಗಿ ಒಳಗಿನ ಸೀಟಿನ ತನಕ ನೀಟಾಗಿ ಮಾಡಬೇಕು. ಗಾತ್ರದ ಕಥೆ ಬೇರೆ. ಪ್ರಯಾಣಿಕ ವಿಮಾನಗಳ ಕಿಟ್‌ಗಳು ಧಾರಾಳವಾಗಿವೆ, ಆದರೆ ಅವುಗಳ ಅಳತೆ 1/144. ಸುಮಾರು 11 ಮೀಟರ್ ರೆಕ್ಕೆಯ ಸೆಸ್ನಾವನ್ನು ಆ ಅಳತೆಗೆ ಇಳಿಸಿದರೆ 7.6 ಸೆಂಟಿಮೀಟರ್, ಅಂದರೆ ಬೋಯಿಂಗ್ ಪಕ್ಕದಲ್ಲಿ ಕೂತ ನೊಣ. ಸೇನೆಯವರ ಕಪಾಟಿಗೂ ಸೇರದೆ, ಏರ್‌ಲೈನ್ ಕಪಾಟಿಗೂ ಸೇರದೆ ಮಧ್ಯದಲ್ಲಿ ಉದುರಿಹೋದ ವಿಮಾನ ಇದು.

ಆದರೆ ಅದೇ ಪುಟ್ಟ ವಿಮಾನ ಯೂನಿಫಾರ್ಮ್ ತೊಟ್ಟರೆ ಇಷ್ಟೆಲ್ಲ ಅಡ್ಡಿಗಳೂ ಮಾಯ. ಸೆಸ್ನಾ 337 ಅನ್ನೋ ಎರಡು ಎಂಜಿನ್ನಿನ ಖಾಸಗಿ ವಿಮಾನವನ್ನು ಅಮೆರಿಕದ ವಾಯುಪಡೆ ಓ-2 ಅಂತ ಹೆಸರಿಟ್ಟು ವಿಯೆಟ್ನಾಮಿಗೆ ಒಯ್ದಿತು. ಬಾಂಬರ್‌ಗಳಿಗೆ ಗುರಿ ತೋರಿಸೋದು ಅದರ ಕೆಲಸ. ಏರ್‌ಫಿಕ್ಸ್ ಕಿಟ್ ಮಾಡಿದ್ದು ಆ ಓ-2ಗೆ. ಅದೇ ಕೆಲಸ ಮಾಡಿದ ಬರ್ಡ್ ಡಾಗ್‌ಗೂ ಕಿಟ್ ಬಂತು. ಹಾಗಾಗಿ ಗಾಜು ಜಾಸ್ತಿ, ಗಾತ್ರ ಸಣ್ಣದು ಅನ್ನೋ ಕಾರಣಗಳನ್ನು ಪೂರ್ತಿ ನಂಬಬೇಡಿ.

ಇದಕ್ಕೆ ಹೊರತಾದ ಉದಾಹರಣೆಯೂ ಇದೆ. ಪೂರ್ವ ಜರ್ಮನಿಯ ಸರ್ಕಾರಿ ಕಂಪನಿ ಪ್ಲಾಸ್ಟಿಕಾರ್ಟ್ ಪ್ರಯಾಣಿಕ ವಿಮಾನಗಳಿಗೆ ದೊಡ್ಡ ಜಾಗ ಕೊಟ್ಟಿತ್ತು. ಹಳ್ಳಿಗಾಡಿನಲ್ಲಿ ಔಷಧಿ ಸಿಂಪಡಿಸುವ ಅಂಟೋನೋವ್ ಎಎನ್-2 ಕೂಡ ಅದರ ಪಟ್ಟಿಯಲ್ಲಿತ್ತು. ಅಲ್ಲೂ ಪ್ರಚಾರವೇ ಉದ್ದೇಶ ಅನ್ನಿ, ಸೋವಿಯತ್ ತಂತ್ರಜ್ಞಾನದ ಪ್ರಚಾರ. ಆದರೂ ಯಾವ ವಿಮಾನ ಮಕ್ಕಳ ಕೈಗೆ ಬರಬೇಕು ಅನ್ನೋದು ಪ್ರಕೃತಿ ನಿಯಮ ಅಲ್ಲ, ಯಾರೋ ಎಲ್ಲೋ ಕೂತು ಮಾಡಿದ ಆಯ್ಕೆ ಅನ್ನೋದಕ್ಕೆ ಇಷ್ಟು ಸಾಕು.

ಕಪಾಟಿನಲ್ಲಿ ಇಲ್ಲದ ಇತಿಹಾಸ

ಸಣ್ಣ ವಿಮಾನಗಳಿಗೆ ಹೇಳಿಕೊಳ್ಳುವ ಕಥೆ ಇಲ್ಲ ಅಂತೀರಾ? 1964ರಲ್ಲಿ ಜೆರ್ರಿ ಮಾಕ್ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಮಹಿಳೆಯಾದದ್ದು ಒಂದು ಸೆಸ್ನಾ 180ರಲ್ಲಿ. 1987ರ ಮೇ 28ರಂದು ಮಥಿಯಾಸ್ ರಸ್ಟ್ ಅನ್ನೋ ಪಶ್ಚಿಮ ಜರ್ಮನಿಯ 18ರ ಹುಡುಗ ಬಾಡಿಗೆಗೆ ಪಡೆದ ಸೆಸ್ನಾ 172 ಹಿಡಿದು ಹೆಲ್ಸಿಂಕಿಯಿಂದ ಹೊರಟು, ಇಡೀ ಸೋವಿಯತ್ ವಾಯು ರಕ್ಷಣೆಯನ್ನು ದಾಟಿ, ಮಾಸ್ಕೋದ ಕೆಂಪು ಚೌಕದ ಪಕ್ಕದಲ್ಲೇ ಇಳಿದ. ಗೋರ್ಬಚೇವ್ ಇದನ್ನೇ ನೆಪ ಮಾಡಿಕೊಂಡು ರಕ್ಷಣಾ ಸಚಿವರನ್ನು ಮನೆಗೆ ಕಳಿಸಿದರು. ಒಂದು ಗುಂಡೂ ಹಾರಿಸದೆ ಮಹಾಶಕ್ತಿಯೊಂದರ ಸೇನಾ ನಾಯಕತ್ವವನ್ನು ಅಲುಗಾಡಿಸಿದ ವಿಮಾನ ಅದು. ಈಗ ಬರ್ಲಿನ್ನಿನ ತಾಂತ್ರಿಕ ಮ್ಯೂಸಿಯಂನಲ್ಲಿದೆ.

ನಮ್ಮ ಕಡೆಗೆ ಬನ್ನಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ತಂದದ್ದು ಪಸ್ ಮಾತ್ ಅನ್ನೋ ಪುಟ್ಟ ವಿಮಾನದಲ್ಲಿ. ಅಲ್ಲಿಂದ ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಏರ್ ಇಂಡಿಯಾದ ಮೂಲ ಇದೇ. ಏರ್‌ಫಿಕ್ಸ್ ಪಟ್ಟಿಯಲ್ಲಿ ಇರೋದು ಪಸ್ ಮಾತ್ ಅಲ್ಲ, ಅದೇ ಡಿ ಹ್ಯಾವಿಲೆಂಡ್ ಕಂಪನಿಯ ಟೈಗರ್ ಮಾತ್. ಕಾರಣ ಗೊತ್ತೇ ಇದೆ, ಅದು ವಾಯುಪಡೆಯ ತರಬೇತಿ ವಿಮಾನ.

ಇನ್ನು ಬೆಂಗಳೂರು. 1958ರಲ್ಲಿ ಎಚ್‌ಎಎಲ್‌ನಲ್ಲಿ ಪುಷ್ಪಕ್ ಹಾರಿತು. ಹೆಸರು ರಾಮಾಯಣದ್ದು, ಕೆಲಸ ಫ್ಲೈಯಿಂಗ್ ಕ್ಲಬ್ಬಿನದು. ಅಕ್ಕಪಕ್ಕ ಎರಡು ಸೀಟು, ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿಯ ಎಂಜಿನ್. ಸುಮಾರು 160 ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು. ಸೇನೆ ಸೇರದೆಯೂ ಹಾರಲು ಕಲಿತ ಒಂದು ತಲೆಮಾರು ಇಂಥ ವಿಮಾನಗಳಲ್ಲಿ ಕಲಿತಿತು. 1972ರಲ್ಲಿ ಹೊಲಕ್ಕೆ ಔಷಧಿ ಸಿಂಪಡಿಸುವ ಬಸಂತ್ ಬಂತು. 1993ರಲ್ಲಿ ಎನ್‌ಎಎಲ್‌ನ ಹಂಸ ಹಾರಿತು, ಅದರ ಹೊಸ ರೂಪ 2021ರಲ್ಲಿ.

ಇದೇ ಎಚ್‌ಎಎಲ್ ಬೆಂಗಳೂರಿನಲ್ಲಿ ನ್ಯಾಟ್ ತಯಾರಿಸಿತು, ಜಾಗ್ವಾರ್ ತಯಾರಿಸಿತು. ಎರಡೂ ಮೂಲತಃ ಹೊರಗಿನ ವಿನ್ಯಾಸ, ಎರಡೂ ಯುದ್ಧವಿಮಾನ, ಎರಡಕ್ಕೂ ಏರ್‌ಫಿಕ್ಸ್ ಕಿಟ್ ಇದೆ. ಒಂದೇ ಕಾರ್ಖಾನೆ, ಒಂದೇ ನಗರ. ನಮ್ಮವರೇ ರೂಪಿಸಿದ ಬಸಂತ್, ಹಂಸ, ನಮ್ಮ ಕ್ಲಬ್ಬುಗಳಿಗೆಂದೇ ಮಾಡಿದ ಪುಷ್ಪಕ್ ಯಾವ ದೊಡ್ಡ ಕಂಪನಿಯ ಕ್ಯಾಟಲಾಗಿನಲ್ಲೂ ಇಲ್ಲ. ಬ್ರಿಟನ್ ಅಥವಾ ಜಪಾನಿನ ಕಂಪನಿ ಮಾಡಲಿ ಅಂತ ನಿರೀಕ್ಷಿಸೋದು ನ್ಯಾಯವೂ ಅಲ್ಲ.

ನಾವೇನು ಮಾಡಿದ್ವಿ? ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳಿಗೆ ಕಾಣೋದು ಮಾರುತ್ ಯುದ್ಧವಿಮಾನ. ಯಲಹಂಕದ ಏರೋ ಇಂಡಿಯಾದಲ್ಲಿ ಜನ ಕತ್ತೆತ್ತಿ ನೋಡೋದು ಫೈಟರ್ ಜೆಟ್‌ಗಳನ್ನು. ರಾಜಕೀಯದಲ್ಲೂ ವಿಮಾನ ಅಂದರೆ ರಫೇಲ್; 2019ರ ಜನವರಿಯಲ್ಲಿ ಲೋಕಸಭೆಯೊಳಗೆ ವಿರೋಧ ಪಕ್ಷದವರು ಹಾರಿಸಿದ ಕಾಗದದ ವಿಮಾನಗಳೂ ರಫೇಲ್ ಹೆಸರಿನವೇ. ಹೊರಗಿನಿಂದ ಕಿಟ್ ತರಿಸೋಣ ಅಂದರೆ ಕಸ್ಟಮ್ಸ್ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳು ಬರೋದು ಆಟಿಕೆಯ ಜೊತೆಗೇ. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯ್ತು. ದೇಶಿ ಆಟಿಕೆ ಉದ್ಯಮ ಬೆಳೆಯಲಿ ಅನ್ನೋ ಉದ್ದೇಶ ಸರಿ. ಆದರೆ ಸುಂಕ ಏರಿಸಿದ ಮಾತ್ರಕ್ಕೆ ಪುಷ್ಪಕ್‌ನ ಅಚ್ಚು ಹುಟ್ಟಲ್ಲ.

ಈಗ ಅಚ್ಚೇ ಬೇಕಿಲ್ಲ ಅನ್ನೋದು ಹೊಸ ಸಂಗತಿ. ತ್ರೀಡಿ ಪ್ರಿಂಟರ್ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದೆ. ಐವತ್ತು ಕಿಟ್ ಬೇಕಾದರೆ ಐವತ್ತೇ ಮಾಡಬಹುದು, ಉಕ್ಕಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಬೇಕಿರೋದು ನಿಖರವಾದ ನಕ್ಷೆ. ಅಮೆರಿಕದಲ್ಲಿ ಯುದ್ಧವಿಮಾನ ಕಂಪನಿಗಳು ಮಾಡೆಲ್ ತಯಾರಕರಿಂದ ರಾಯಲ್ಟಿ ಕೇಳೋಕೆ ಶುರು ಮಾಡಿದಾಗ, 2000ರ ದಶಕದಲ್ಲಿ ಅದರ ವಿರುದ್ಧ ಸಂಸತ್ತಿನಲ್ಲಿ ಮಸೂದೆಯೇ ಮಂಡನೆಯಾಗಿತ್ತು. ಆ ವಾದ ಸರಳ: ವಿನ್ಯಾಸಕ್ಕೆ ದುಡ್ಡು ಕೊಟ್ಟಿದ್ದು ತೆರಿಗೆದಾರರು, ಆಟಿಕೆಗೂ ಅವರಿಂದಲೇ ಮತ್ತೆ ಯಾಕೆ ವಸೂಲಿ? ಪುಷ್ಪಕ್, ಬಸಂತ್, ಹಂಸ ಮೂರೂ ಸಾರ್ವಜನಿಕ ದುಡ್ಡಿನಲ್ಲಿ ಆದವು. ಎಂಜಿನ್ನಿನ ಒಳಗುಟ್ಟು ಯಾರೂ ಕೇಳ್ತಿಲ್ಲ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಕಾಣುವ ಹೊರರೂಪದ ಮೂರು ನಕ್ಷೆಯನ್ನು ಎಚ್‌ಎಎಲ್ ಮತ್ತು ಎನ್‌ಎಎಲ್ ತಮ್ಮ ವೆಬ್‌ಸೈಟಿನಲ್ಲಿ ಎಲ್ಲರಿಗೂ ಮುಕ್ತವಾಗಿ ಹಾಕಬಹುದು. ಸುಮಾರು ಹತ್ತೂವರೆ ಮೀಟರ್ ರೆಕ್ಕೆಯ ಹಂಸ 1/72ರಲ್ಲಿ ಹದಿನಾಲ್ಕೂವರೆ ಸೆಂಟಿಮೀಟರ್ ಆಗುತ್ತೆ, ಶಾಲೆಯ ಸ್ಕೇಲಿನ ಅರ್ಧದಷ್ಟು.