ಸರ್ಕಾರ ಬೀಳದು, ಹೆದರದೆ ಮತ ಹಾಕಿ!

ವಿರೋಧ ಪಕ್ಷವೆಂದರೆ ‘ಈ ಸರ್ಕಾರವನ್ನು ಕೆಡವಿ’ ಎನ್ನುವುದು ವಾಡಿಕೆ. ಸಿಂಗಪುರದಲ್ಲಿ 1991ರ ಆಗಸ್ಟ್‌ನಲ್ಲಿ ನಡೆದದ್ದೇ ಬೇರೆ. 81 ಸ್ಥಾನಗಳ ಪೈಕಿ ವಿರೋಧಿಗಳು ಬೇಕೆಂದೇ 40ಕ್ಕೆ ಮಾತ್ರ ನಾಮಪತ್ರ ಸಲ್ಲಿಸಿದರು. ಉಳಿದ 41ರಲ್ಲಿ ಅವಿರೋಧವಾಗಿ ಗೆದ್ದ ಪೀಪಲ್ಸ್ ಆಕ್ಷನ್ ಪಾರ್ಟಿಗೆ ಮತದಾನಕ್ಕೆ ಹತ್ತು ದಿನ ಮೊದಲೇ ಬಹುಮತ! ಸರ್ಕಾರ ಹೇಗೂ ಅವರದೇ, ಇನ್ನು ಧೈರ್ಯವಾಗಿ ನಮ್ಮನ್ನು ಆರಿಸಿ ಎಂಬುದು ವಿರೋಧಿಗಳ ಪ್ರಚಾರದ ತಿರುಳು.

‘ಉಪಚುನಾವಣೆ ತಂತ್ರ’ ಎಂದು ಹೆಸರಾದ ಇದರ ರೂವಾರಿ ಚಿಯಾಮ್ ಸೀ ಟಾಂಗ್. ಮತದಾರನ ನಾಡಿ ಅವರಿಗೆ ಗೊತ್ತಿತ್ತು. 1959ರಿಂದ ಆಳುತ್ತಿದ್ದ ಪಕ್ಷ ಮನೆ ಕೊಟ್ಟಿತ್ತು, ಕೆಲಸ ಕೊಟ್ಟಿತ್ತು. ಅದನ್ನು ಕಳೆದುಕೊಳ್ಳಲು ಜನ ಸಿದ್ಧರಿರಲಿಲ್ಲ. ಆದರೆ ಪ್ರಶ್ನಿಸುವ ಒಂದು ಬಾಯಿ ಸಂಸತ್ತಿನಲ್ಲಿರಲಿ ಎಂಬ ಆಸೆಯಂತೂ ಇತ್ತು. ತಂತ್ರ ಫಲಿಸಿತು. 1988ರಲ್ಲಿ ಒಂದೇ ಸ್ಥಾನ ಗೆದ್ದಿದ್ದ ವಿರೋಧಿಗಳು ನಾಲ್ಕಕ್ಕೇರಿದರು.

ಆಳುವವರು ಸುಮ್ಮನಿದ್ದಾರೆಯೇ? ಬಹುಪಾಲು ಜನ ವಾಸಿಸುವುದು ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿ. ನಮ್ಮನ್ನು ಗೆಲ್ಲಿಸಿದ ಕಡೆ ಮೊದಲು ಫ್ಲ್ಯಾಟುಗಳ ನವೀಕರಣ ಎಂದು 1997ರ ಚುನಾವಣೆಗೆ ಮುನ್ನ ಪ್ರಧಾನಿ ಗೋ ಚೋಕ್ ಟಾಂಗ್ ಸಾರಿದರು. ನಾಲ್ಕು ಎರಡಾಯಿತು.

ಅವಿರೋಧ ಆಯ್ಕೆ ನಮ್ಮ ಸಹಕಾರ ಸಂಘಗಳಲ್ಲಿ ಹೊಸದೇನಲ್ಲ. ಅಲ್ಲಿ ಮಾತ್ರ ಅದರ ಬೆಲೆ ದುಬಾರಿ. 1988ರಲ್ಲಿ ಬಂದ ಗುಂಪು ಕ್ಷೇತ್ರಗಳಲ್ಲಿ ಹಲವರ ತಂಡವಾಗಿಯೇ ಸ್ಪರ್ಧಿಸಬೇಕು, ತಂಡದಲ್ಲಿ ಅಲ್ಪಸಂಖ್ಯಾತರೊಬ್ಬರಿರಬೇಕು. ಸಣ್ಣ ಪಕ್ಷಗಳಿಗೆ ಅಷ್ಟು ಜನರನ್ನು ಹುಡುಕುವುದೇ ಕಷ್ಟ. ಲೀ ಕ್ವಾನ್ ಯೂ ಅವರ ತಂಜೋಂಗ್ ಪಗಾರ್ ಗುಂಪು ಕ್ಷೇತ್ರದಲ್ಲಿ 1991ರಿಂದ 2011ರವರೆಗಿನ ಐದೂ ಮಹಾಚುನಾವಣೆಗಳಲ್ಲಿ ಎದುರಾಳಿಯೇ ಇರಲಿಲ್ಲ. ಮತದಾನ ಕಡ್ಡಾಯವಾದ ದೇಶದಲ್ಲಿ ಆ ಕ್ಷೇತ್ರದವರಿಗೆ ಸಂಸದರನ್ನು ಆರಿಸುವ ಮತಪತ್ರ ಸಿಕ್ಕಿದ್ದು 2015ರಲ್ಲಿ, ಲೀ ತೀರಿಕೊಂಡ ವರ್ಷ.

2011ರಲ್ಲಿ ವರ್ಕರ್ಸ್ ಪಾರ್ಟಿ ಐವರ ತಂಡ ಕಟ್ಟಿ ಅಲ್ಜುನೀಡ್ ಗೆದ್ದಿತು. ವಿದೇಶಾಂಗ ಸಚಿವ ಜಾರ್ಜ್ ಯೋ ಸೋತರು. ಬಳಿಕ ಆಡಳಿತ ಪಕ್ಷ ಹೊಸ ಪಟ್ಟು ಹಾಕಿತು. ಸೋತ ವಿರೋಧಿಗಳಲ್ಲಿ ಹೆಚ್ಚು ಮತ ಪಡೆದವರಿಗೆ ಸಂಸತ್ತಿನಲ್ಲಿ ಜಾಗ ಕೊಡುವ ವ್ಯವಸ್ಥೆ 1984ರಿಂದಲೇ ಇತ್ತು. ವಿರೋಧಿಗಳ ಸಂಖ್ಯೆ ಕನಿಷ್ಠ 12 ಇರುವಂತೆ 2016ರಲ್ಲಿ ಸಂವಿಧಾನ ತಿದ್ದಲಾಯಿತು. 2020ರ ಪ್ರಚಾರದಲ್ಲಿ ಆಡಳಿತ ಪಕ್ಷದ ವಾದವೂ ಅದೇ: ವಿರೋಧಿಗಳು ಹೇಗೂ ಇರುತ್ತಾರೆ, ನಮಗೇ ಮತ ಹಾಕಿ. ಚಿಯಾಮ್ ಅವರ ಮಾತೇ ತಿರುಗುಮುರುಗಾಗಿ ಬಂದಿತ್ತು!

2025ರ ಮೇ ತಿಂಗಳಲ್ಲಿ 97 ಸ್ಥಾನಗಳ ಪೈಕಿ 87 ಆಡಳಿತ ಪಕ್ಷಕ್ಕೆ, ಹತ್ತು ವರ್ಕರ್ಸ್ ಪಾರ್ಟಿಗೆ ಹೋದವು. ಹನ್ನೆರಡಾಗಲು ಬೇಕಿದ್ದ ಇನ್ನಿಬ್ಬರು ಸೋತೇ ಒಳಗೆ ಬಂದರು.