ಕಣ್ಣು ಮೀನಿನದು, ದುಡಿಮೆ ಸಿಗಡಿಯದು

ಸಿಗಡಿ ನಿಮಗೆ ಗೊತ್ತುಂಟು. ಕೆಲವರು ಎಟ್ಟಿ ಅನ್ನುತ್ತಾರೆ. ಮೀನಿನ ಮಾರ್ಕೆಟ್ಟಿನಲ್ಲಿ ರಾಶಿ ರಾಶಿ ನೋಡಿರುತ್ತೀರಿ. ಆದರೆ ಮೀನಿನ ಜೊತೆ ಒಂದೇ ಮನೆಯಲ್ಲಿ ಬದುಕುವ ಸಿಗಡಿಯ ಸಂಗತಿ ಗೊತ್ತುಂಟಾ?

ಆ ಮೀನಿನ ಹೆಸರು ಗೋಬಿ. ಗೋಬಿ ಮಂಚೂರಿಯ ಗೋಬಿ ಅಲ್ಲ! ಇದು ಬೆರಳುದ್ದದ ಸಮುದ್ರದ ಮೀನು. ಅದರ ಜೊತೆಗಾರ ಪಿಸ್ತೂಲು ಸಿಗಡಿ. ಹಿಂದೂ ಮಹಾಸಾಗರದಲ್ಲಿ, ಪೆಸಿಫಿಕ್ ಸಾಗರದಲ್ಲಿ, ಹವಳದ ದಿಬ್ಬಗಳ ಹತ್ತಿರದ ಮರಳಿನಲ್ಲಿ ಇವು ಇರುತ್ತವೆ.

ಸಿಗಡಿಗೆ ಕಣ್ಣು ಬಹಳ ಮಂದ. ಆದರೆ ಒಳ್ಳೆಯ ಕೆಲಸಗಾರ. ಹಗಲೆಲ್ಲ ಮರಳು ತೋಡಿ ಬಿಲ ಮಾಡುತ್ತದೆ. ಗೋಬಿ ಬಿಲದ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಸಿಗಡಿ ಹೊರಗೆ ಬಂದಾಗ ತನ್ನ ಉದ್ದ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ. ಕೂಡಲೇ ಇಬ್ಬರೂ ಬಿಲದೊಳಗೆ! ರಾತ್ರಿ ಇಬ್ಬರಿಗೂ ಅದೇ ಮನೆ.

ಮನೆಯಲ್ಲಿ ಸಾಕುವವರಿಗೆ

ಕೆಲವರು ಈ ಜೋಡಿಯನ್ನು ಗಾಜಿನ ತೊಟ್ಟಿಯಲ್ಲಿ, ಅಂದರೆ ಅಕ್ವೇರಿಯಂನಲ್ಲಿ ಸಾಕುತ್ತಾರೆ. ನೋಡಲು ಬಹಳ ಚಂದ. ಆದರೆ ಖರ್ಚುಂಟು, ಕೆಲಸವೂ ಉಂಟು. ಅವಸರ ಮಾಡಿದರೆ ಜೀವ ಹೋಗುತ್ತದೆ.

ತೊಟ್ಟಿ: ಸುಮಾರು 100 ಲೀಟರು ನೀರು ಹಿಡಿಯಬೇಕು. ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಸಿಗಡಿ ಅದರ ಅಡಿಯನ್ನೇ ತೋಡುತ್ತದೆ. ಆಗ ಕಲ್ಲು ಕುಸಿದು ಜೋಡಿ ಸಾಯಬಹುದು. ಪಂಚಾಂಗ ಗಟ್ಟಿ ಇಲ್ಲದಿದ್ದರೆ ನಮ್ಮ ಮನೆ ನಿಲ್ಲುತ್ತದಾ? ಇದೂ ಹಾಗೆಯೇ. ಮರಳು ಮೂರು ಬೆರಳು ದಪ್ಪ ಇರಲಿ.

ನೀರು: ಅಡುಗೆ ಉಪ್ಪು ಆಗುವುದಿಲ್ಲ. ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು ಬೇಕು. 1 ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರಬೇಕು. ನೀರಿನಲ್ಲಿ ಕ್ಲೋರಿನ್ ಇರಬಾರದು.

ಕಾಯುವುದು: ನೀರು ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಆ ವಿಷ ಕಳೆಯುವ ಸೂಕ್ಷ್ಮಜೀವಿಗಳು ಮೊದಲು ಕಲ್ಲು, ಮರಳಿನಲ್ಲಿ ಬೆಳೆಯಬೇಕು. ಅದಕ್ಕೆ ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾರೆ. 4ರಿಂದ 6 ವಾರ ಬೇಕಾಗುತ್ತದೆ. ಹಾಲಿಗೆ ಹೆಪ್ಪು ಹಾಕಿ ಕಾಯುತ್ತೇವಲ್ಲ, ಹಾಗೆ. ನೀರು ಪರೀಕ್ಷೆ ಮಾಡಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು ತನ್ನಿ.

ಮುಚ್ಚಳ: ಹೆದರಿದ ಗೋಬಿ ಹೊರಗೆ ಹಾರುತ್ತದೆ. ಮೇಲೆ ಬಲೆ ಹೊದಿಸಿ.

ಗಾಬರಿ ಬೇಡ

ತೊಟ್ಟಿಯಲ್ಲಿ "ಟಕ್" ಎಂದು ಶಬ್ದ ಬಂದರೆ ಗಾಜು ಒಡೆಯಿತು ಎಂದುಕೊಳ್ಳಬೇಡಿ. ಸಿಗಡಿ ತನ್ನ ಕೊಂಬನ್ನು ಫಕ್ಕನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ. ಅದರ ಶಬ್ದ ಅದು. ಪಿಸ್ತೂಲು ಎಂಬ ಹೆಸರು ಬಂದದ್ದೂ ಅದಕ್ಕೇ.

ಒಂದು ದಿನ ಸಿಗಡಿಯ ಖಾಲಿ ಚಿಪ್ಪು ಕಾಣಬಹುದು. ಸತ್ತಿತು ಎಂದು ಬಿಲ ಅಗೆಯಬೇಡಿ. ಹಾವು ಪೊರೆ ಬಿಡುವ ಹಾಗೆ ಸಿಗಡಿ ಚಿಪ್ಪು ಬಿಡುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಒಳಗೆ ಅಡಗಿರುತ್ತದೆ.

ಓದಿ, ಆಮೇಲೆ ಹಾಕಿ

ಮೀನಿಗೆ ಕಾಯಿಲೆ ಬಂದರೆ ಔಷಧಿಯ ಬಾಟಲಿ ಓದಿ ನೋಡಿ. ಇಂಗ್ಲಿಷಿನಲ್ಲಿದ್ದರೆ ಬಲ್ಲವರಿಂದ ಓದಿಸಿ. ಕೆಲವು ಔಷಧಿಯಲ್ಲಿ ತಾಮ್ರ ಇರುತ್ತದೆ. ತಾಮ್ರ ಸಿಗಡಿಯನ್ನು ಕೊಲ್ಲುತ್ತದೆ. ಒಂದು ಪದ ಓದದೆ ಹೋದರೆ ಒಂದು ಜೀವ ಹೋಗುತ್ತದೆ.

ಚಂದಕ್ಕೆಂದು ಸಮುದ್ರದ ಹವಳ ಕಿತ್ತು ತರಬೇಡಿ. 1972ರ ವನ್ಯಜೀವಿ ರಕ್ಷಣೆ ಕಾಯಿದೆಯ ಪ್ರಕಾರ ಅದು ಅಪರಾಧ.

ಸಿಗಡಿ ಮೀನನ್ನು ನಂಬಿದೆ. ಮೀನು ಸಿಗಡಿಯನ್ನು ನಂಬಿದೆ. ಮನೆಗೆ ತಂದ ಮೇಲೆ ಇಬ್ಬರೂ ನಂಬುವುದು ನಿಮ್ಮನ್ನು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಅವು ಸಮುದ್ರದಲ್ಲೇ ಇರಲಿ.

ಉತ್ತರ ಹೇಳಿ

1. ಗೋಬಿ ಬಾಲ ಅಲುಗಿಸುವುದು ಯಾಕೆ?
2. ಮರಳಿಗಿಂತ ಮೊದಲು ಕಲ್ಲು ಇಡಬೇಕು. ಯಾಕೆ?
3. ನಿಮ್ಮ ಊರಿನಲ್ಲಿ ಒಬ್ಬರಿಗೊಬ್ಬರು ಹೀಗೆ ಆಸರೆಯಾದವರು ಯಾರಿದ್ದಾರೆ? ನಾಲ್ಕು ಸಾಲು ಬರೆಯಿರಿ.