ನಂಬಿಕೆ ಹೆಂಚಾದ ಬಗೆ

ದೀಕ್ಷಾಸ್ನಾನ ಮುಗಿಯಿತು. ಹೆಸರು ಬದಲಾಯಿತು. ಮರುದಿನ ಬೆಳಗ್ಗೆ ಅವನು ಯಾವ ಕೆಲಸಕ್ಕೆ ಹೋಗಬೇಕು?

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕರಾವಳಿಯ ಬಾಸೆಲ್ ಮಿಷನ್ ಸಭೆಗಳ ಎದುರು ನಿಂತಿದ್ದ ಪ್ರಶ್ನೆ ಇದು. ಆಗ ಸಭೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು, ಅವರಲ್ಲಿ ಅನೇಕರದು ಮೂರ್ತೆ ಕಸುಬು. ಕ್ರೈಸ್ತನಾದವನು ಕಳ್ಳು ಇಳಿಸಬಾರದು, ಮಾರಬಾರದು ಎಂಬುದು ಮಿಷನಿನ ಕಟ್ಟಳೆ. ಭೂತದ ಕೋಲಕ್ಕೂ ಹೋಗುವಂತಿಲ್ಲ. ಹೋಗದವನನ್ನು ಊರು ತನ್ನವನೆಂದು ಎಣಿಸುವುದಿಲ್ಲ. ಗೇಣಿಗೆ ಗದ್ದೆ ಮಾಡುತ್ತಿದ್ದವನಾದರೆ ಧಣಿ ಒಕ್ಕಲೆಬ್ಬಿಸಬಹುದು. ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಇಳಿಯುವ ಅಳಿಯಕಟ್ಟಿನ ಕುಟುಂಬದಲ್ಲಿ ಜಾತಿ ಬಿಟ್ಟವನಿಗೆ ಪಾಲೂ ಇಲ್ಲ, ಪಂಕ್ತಿಯೂ ಇಲ್ಲ. ಮತ ಬದಲಿಸಿದವನ ಆಸ್ತಿಹಕ್ಕು ಹೋಗಬಾರದೆಂದು 1850ರಲ್ಲಿ ಕಾಯಿದೆಯೇನೋ ಬಂತು. ಆದರೆ ಕಾಯಿದೆಯ ಪುಸ್ತಕ ಹಿಡಿದು ಸ್ವಂತ ಮಾವನ ಮೇಲೆ ದಾವೆ ಹೂಡುವ ತ್ರಾಣ ಎಷ್ಟು ಮಂದಿಗೆ ಇದ್ದೀತು?

ಮಂಗಳೂರು ಹೆಂಚಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಉದ್ಯಮದ ಚರಿತ್ರೆಯಾಗಿ ಓದುತ್ತೇವೆ. ಅದರ ಬೇರು ಈ ಬೆಳಗಿನ ಪ್ರಶ್ನೆಯಲ್ಲಿದೆ ಎಂದೇ ನನ್ನ ಎಣಿಕೆ. ಕಸುಬು ಬಿಡು ಎಂದು ಹೇಳಿದವರ ತಲೆಯ ಮೇಲೆ ಇನ್ನೊಂದು ಕಸುಬು ಹುಡುಕಿಕೊಡುವ ಋಣ ಬಿದ್ದಿತ್ತು. ಅದನ್ನು ತೀರಿಸದೆ ಬರೀ ಪ್ರಸಂಗ ಮಾಡಿಕೊಂಡಿದ್ದರೆ ಅವರ ಬೋಧನೆಗೆ ಏನು ಬೆಲೆ ಇರುತ್ತಿತ್ತು?

ಋಣದ ಅರಿವು ಅವರಿಗಿತ್ತು. ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದಕ್ಕೆ ಜನ ಬರುತ್ತಿದ್ದದ್ದು ಹೆಚ್ಚಾಗಿ ನೆರೆಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ: ರೈತರ, ನೇಕಾರರ, ಬಡಗಿಗಳ ಮನೆಗಳಿಂದ. ಭಕ್ತಿ ಎಂದರೆ ಎದೆಯೊಳಗಿನ ಬದಲಾವಣೆ, ಆ ಬದಲಾವಣೆ ಕೈಗೆಲಸದಲ್ಲಿ, ಲೆಕ್ಕಪತ್ರದಲ್ಲಿ, ಆಡಿದ ಮಾತಿನಲ್ಲಿ ಕಾಣಬೇಕು ಎಂದು ನಂಬಿದ ಪಯಟಿಸ್ಟ್ ಪಂಥದವರು ಅವರು. ಬ್ರಿಟಿಷರಲ್ಲದ ಮಿಷನರಿಗಳಿಗೂ 1833ರ ಚಾರ್ಟರ್ ಕಾಯಿದೆ ಬಾಗಿಲು ತೆರೆಯಿತು. ಮರುವರ್ಷ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರು ಸೇರಿದರು.

ಕೆಲಸ ಕೊಡುವ ಮೊದಲ ಪ್ರಯತ್ನಗಳು ಕೈಹಿಡಿಯಲಿಲ್ಲ. ಬೇಸಾಯ ಮಾಡಿಸಿದರು, ಸಕ್ಕರೆ ತಯಾರಿಸಿ ನೋಡಿದರು, ಗಡಿಯಾರ ರಿಪೇರಿ ಕಲಿಸಿದರು. 1841ರಲ್ಲಿ ಅಚ್ಚುಕೂಟ ಬಂತು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಈ ಕಥೆ ಕನ್ನಡಿಗರಿಗೆ ಬಾಯಿಪಾಠ. ಆದರೆ ಅಚ್ಚುಕೂಟದಲ್ಲಿ ಅಕ್ಷರ ಬಲ್ಲ ಕೆಲವರಿಗಷ್ಟೇ ಜಾಗ. 1851ರಲ್ಲಿ ಜಾನ್ ಹಾಲರ್ ಬಂದ ಮೇಲೆ ನೇಯ್ಗೆ ಕುದುರಿತು, ಕೂಲಿಗೆ ಒಂದು ನೆಲೆ ಸಿಕ್ಕಿತು. ಖಾಕಿ ಬಣ್ಣ ಕಂಡುಹಿಡಿದವರು ಹಾಲರ್ ಎಂದು ಮಂಗಳೂರಿನಲ್ಲಿ ಅಭಿಮಾನದಿಂದ ಹೇಳುವುದುಂಟು. ಬ್ರಿಟಿಷ್ ಸೇನಾಧಿಕಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯವರು ವಾಯವ್ಯ ಗಡಿಯಲ್ಲಿ ಅದಕ್ಕೂ ಮೊದಲೇ ಖಾಕಿ ತೊಟ್ಟಿದ್ದರು. ಹಾಗಾಗಿ ಆ ಕೀರ್ತಿಯನ್ನು ಪೂರ್ತಿ ನಮ್ಮೂರಿಗೇ ಬರೆದುಕೊಳ್ಳುವುದು ಸರಿಯಲ್ಲ. ಹಾಲರ್ ಅವರ ದೊಡ್ಡಸ್ತಿಕೆ ಬಣ್ಣಕ್ಕಿಂತ ಮಗ್ಗದಲ್ಲಿದೆ. ಊರು ಹೊರಗಿಟ್ಟವರ ಕೈಗೆ ಅವರು ಒಂದು ವಿದ್ಯೆ ಕೊಟ್ಟರು.

ಹೆಂಚಿನ ಕಥೆ ಶುರುವಾಗುವುದು ಜಾರ್ಜ್ ಪ್ಲೆಬ್‌ಸ್ಟ್ ಅವರಿಂದ. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಯಂತ್ರಗಾರ ಆತ. ನೇತ್ರಾವತಿಯ ದಂಡೆಯ ಜೇಡಿಮಣ್ಣು ಇಲ್ಲಿನ ಕುಂಬಾರರಿಗೆ ತಲೆತಲಾಂತರದಿಂದ ಗೊತ್ತಿದ್ದದ್ದೇ. ಒಂದಕ್ಕೊಂದು ಕೊಂಡಿಯಂತೆ ಕಚ್ಚಿಕೊಳ್ಳುವ ಚಪ್ಪಟೆ ಹೆಂಚನ್ನು ಅಲ್ಸಾಸ್ ಸೀಮೆಯ ಗಿಲಾರ್ಡೋನಿ ಸೋದರರು 1840ರ ದಶಕದ ಆರಂಭದಲ್ಲೇ ರೂಪಿಸಿದ್ದರು. ಆ ಮಣ್ಣಿಗೂ ಈ ಅಚ್ಚಿಗೂ ಪ್ಲೆಬ್‌ಸ್ಟ್ ಗಂಟುಹಾಕಿದರು. 1865ರಲ್ಲಿ ಜೆಪ್ಪುವಿನಲ್ಲಿ, ಹೊಳೆಯ ಬದಿಯಲ್ಲೇ, ಕಾರ್ಖಾನೆ ಆರಂಭವಾಯಿತು. ಮೊದಲಿಗೆ ಇದ್ದದ್ದು ಇಬ್ಬರು ಆಳು, ಒಂದು ಜೊತೆ ಎತ್ತು. ದಿನಕ್ಕೆ 560 ಹೆಂಚು.

ಹೆಂಚಿನ ಕೆಲಸ ಅವಸರಕ್ಕೆ ಒಗ್ಗುವಂಥದ್ದಲ್ಲ. ದೋಣಿಯಲ್ಲಿ ಬಂದ ಮಣ್ಣನ್ನು ರಾಶಿ ಹಾಕಿ ಹದಕ್ಕೆ ಬಿಡಬೇಕು. ಕಲ್ಲು, ಬೇರು ಆರಿಸಬೇಕು. ಅರೆದು ನಾದಿದ ಮಣ್ಣಿನ ಹಲಗೆಗಳನ್ನು ಒಂದೊಂದಾಗಿ ಕಬ್ಬಿಣದ ಅಚ್ಚಿನ ಮೇಲಿಟ್ಟು, ಮೇಲಿನ ಚಕ್ರ ತಿರುಗಿಸಿ ಒತ್ತಬೇಕು. ಒತ್ತಿದ್ದನ್ನು ಎತ್ತುವಾಗ ಕೈ ಸ್ವಲ್ಪ ಅಲುಗಿದರೂ ಹೆಂಚು ಸೊಟ್ಟಗಾಗುತ್ತದೆ, ಸೊಟ್ಟ ಹೆಂಚು ಮಾಡಿನ ಮೇಲೆ ಪಕ್ಕದ್ದಕ್ಕೆ ಕಚ್ಚುವುದಿಲ್ಲ. ಅಂಚಿನ ಮಣ್ಣು ಕೆರೆದು, ನೆರಳಿನ ಅಟ್ಟಣೆಗಳಲ್ಲಿ ಸಾಲಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರಿಯುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಆಮೇಲೆ ಆವಿಗೆ, ಕಟ್ಟಿಗೆಯ ಬೆಂಕಿ. ಬೆಂಕಿ ಹೆಚ್ಚಿದರೆ ಹೆಂಚು ಬಾಗುತ್ತದೆ, ಕಮ್ಮಿಯಾದರೆ ಮೊದಲ ಆಟಿ ಮಳೆಗೇ ನೀರು ಕುಡಿಯುತ್ತದೆ.

ಮುಳಿಹುಲ್ಲಿನ ಮಾಡಿಗೆ ವರ್ಷವರ್ಷ ಹೊಸ ಹೊದಿಕೆ ಬೇಕು, ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಸಾಲುಮನೆಗಳೇ ಬೂದಿ. ಈ ಹೆಂಚಿಗೆ ಆ ಚಿಂತೆಯಿಲ್ಲ, ಗಾರೆಯನ್ನೂ ಅದು ಕೇಳುವುದಿಲ್ಲ. ರೀಪಿನ ಮೇಲೆ ಕೂರಿಸಿದರೆ ಸಾಕು, ಒಡೆದದ್ದನ್ನು ಮನೆಯವರೇ ಏಣಿ ಇಟ್ಟು ಬದಲಿಸಬಹುದು. ಬಂದರಿನಿಂದ ಅದು ಸಿಲೋನಿಗೆ, ಏಡನ್‌ಗೆ, ಪೂರ್ವ ಆಫ್ರಿಕಾಕ್ಕೆ ಹಡಗೇರಿತು. ಮಲ್ಪೆ, ಕಲ್ಲಿಕೋಟೆ, ಫೆರೋಕ್‌ಗಳಲ್ಲೂ ಮಿಷನಿನ ಕಾರ್ಖಾನೆಗಳು ಎದ್ದವು. 1868ರಲ್ಲಿ ಆಲ್ಬುಕರ್ಕ್ ಎಂಬ ಕ್ಯಾಥೊಲಿಕ್ ಮನೆತನ ಸ್ವಂತ ಕಾರ್ಖಾನೆ ಹಾಕಿತು. ಬಳಿಕ ಎಲ್ಲ ಜಾತಿಮತದವರೂ ಈ ಉದ್ಯಮಕ್ಕೆ ಇಳಿದರು. ದೇವಸ್ಥಾನದ ಸುತ್ತುಪೌಳಿಗೂ ಮಸೀದಿಯ ಮಾಡಿಗೂ ಶಾಲೆಗೂ ಒಂದೇ ಹೆಂಚು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕಾರ್ಖಾನೆಯ ಒಳಗಿನ ಬದುಕು. ಬೆಳಗ್ಗೆ ಗಂಟೆ, ಪ್ರಾರ್ಥನೆ, ಆಮೇಲೆ ಮಣ್ಣು. ಭಾನುವಾರ ರಜೆ. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಅಚ್ಚಿನ ಸುತ್ತ ನಿಂತು, ಒಬ್ಬರು ಮುಟ್ಟಿದ ಮಣ್ಣನ್ನು ಇನ್ನೊಬ್ಬರು ಮುಟ್ಟಿದರು. ಹೆಂಗಸರು ತಮ್ಮ ದುಡಿಮೆಯ ಕೂಲಿ ಎಣಿಸಿಕೊಂಡು ಹೋದರು. ಉಳಿತಾಯಕ್ಕೆ, ಕಾಯಿಲೆ ಬಿದ್ದಾಗಿನ ಖರ್ಚಿಗೆ ನಿಧಿಗಳಿದ್ದವು. ನೆರೆಯವನನ್ನು ಪ್ರೀತಿಸು ಎಂಬ ಮಾತು ವಾರದ ಬಟವಾಡೆಯಲ್ಲಿ, ಕಾಯಿಲೆಯ ನಿಧಿಯಲ್ಲಿ ಆಕಾರ ಪಡೆದದ್ದನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದರೆ ಒಂದು ತೊಡಕು ಮೊದಲಿನಿಂದಲೇ ಇತ್ತು. ಕೂಲಿ ಕೊಡುವುದೂ ಮಿಷನ್, ಪ್ರಸಂಗ ಮಾಡುವುದೂ ಮಿಷನ್, ವಾಸದ ಮನೆಯೂ ಅನೇಕರಿಗೆ ಮಿಷನಿನದ್ದೇ. ಸಭೆಯ ಶಿಸ್ತಿಗೆ ತಪ್ಪಿದವನಿಗೆ ಹೊಟ್ಟೆಯ ಭಯವೂ ಜೊತೆಗೂಡುತ್ತಿತ್ತು. ಅನ್ನದ ಆಸೆಗೆ ಬಂದವರು ಎಂದು ಹೊರಗಿನವರು ಆಡಿಕೊಳ್ಳುವುದಕ್ಕೂ ಇದೇ ದಾರಿಯಾಯಿತು. ಮಿಷನ್ ವ್ಯಾಪಾರ ಮಾಡುವುದು ಸರಿಯೇ ಎಂಬ ಚರ್ಚೆ ಬಾಸೆಲ್‌ನಲ್ಲೂ ನಡೆದು, 1859ರಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಮಾಡಿದ್ದರು. ಅದು ಪುಸ್ತಕದ ಲೆಕ್ಕವನ್ನು ಬೇರೆ ಮಾಡಿತೇ ಹೊರತು ಮಣ್ಣು ಹೊರುವವನ ಮನಸ್ಸಿನ ಲೆಕ್ಕವನ್ನಲ್ಲ. ಅವನ ಪಾಲಿಗೆ ಎಲ್ಲವೂ ಒಂದೇ ಮಿಷನ್.

ಈ ಗಂಟನ್ನು ಬಿಡಿಸಿದ್ದು ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅವರನ್ನು ಹಿಡಿದಿಟ್ಟರು, ದೇಶದಿಂದ ಹೊರಗೆ ಕಳಿಸಿದರು. ಕಾರ್ಖಾನೆಗಳು ಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಸಭೆಗಳ ಹೊಣೆ ಸ್ಥಳೀಯ ಸಭಾಪಾಲಕರ, ಹಿರಿಯರ ಹೆಗಲಿಗೆ ಬಂತು. ಕೂಲಿ ಕೊಡುವವರು ಬೇರೆ, ಬೋಧಿಸುವವರು ಬೇರೆ ಆದರು. ಭಾನುವಾರದ ಆರಾಧನೆಗೂ ಸೋಮವಾರದ ಹಾಜರಿಗೂ ಇದ್ದ ನಂಟು ಕಡಿದುಹೋಯಿತು. ಜನ ಮಾತ್ರ ಎರಡೂ ಕಡೆ ಬರುವುದನ್ನು ಬಿಡಲಿಲ್ಲ.